ಡಬ್ಬಿ ತಿರುಗಿಸಿ ನೋಡಿ

ಮೆಗ್ನೀಸಿಯಂ ತಗೊಂಡರೆ ಒಳ್ಳೆ ನಿದ್ದೆ ಬರುತ್ತೆ ಅಂತ ಯಾರೋ ಹೇಳಿದ್ದರು. ಇದ್ದದ್ದರಲ್ಲೇ ಅಗ್ಗದ ಡಬ್ಬಿ ತಂದು ನುಂಗಿದೆ. ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ಓಡಾಡಿದ್ದೇ ಬಂತು. ಬೆಳಗ್ಗೆ ಡಬ್ಬಿ ತಿರುಗಿಸಿದರೆ, ಒಳಗಿದ್ದದ್ದು ಮೆಗ್ನೀಸಿಯಂ ಆಕ್ಸೈಡ್. ಇದರ ತೂಕದಲ್ಲಿ ಸುಮಾರು ಶೇ. 60ರಷ್ಟು ಮೆಗ್ನೀಸಿಯಂ ಇರುತ್ತದೆ, ಹಾಗಾಗಿ ಲೇಬಲ್ ಮೇಲೆ ದೊಡ್ಡ ಸಂಖ್ಯೆ ಹಾಕಬಹುದು. ಆದರೆ ಮೈಗೆ ಹತ್ತುವುದು ಕಡಿಮೆ. ಉಳಿದದ್ದು ಕರುಳಿಗೆ ನೀರು ಎಳೆಯುತ್ತದೆ. ಮಲಬದ್ಧತೆಗೂ ಇದನ್ನೇ ಕೊಡುತ್ತಾರೆ! ಮಾತ್ರೆಯದ್ದೇನೂ ತಪ್ಪಿಲ್ಲ, ಓದದೆ ನುಂಗಿದವನು ನಾನು.

ಹಾಗಂತ ಅಗ್ಗದ್ದೆಲ್ಲ ಕಳಪೆ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಜಿಮ್‌ಗೆ ಹೋಗುವವರು ಸ್ನಾಯುಬಲಕ್ಕೆ ತಗೊಳ್ಳುವ ಕ್ರಿಯೇಟಿನ್ ಮೊನೊಹೈಡ್ರೇಟ್ ಅಗ್ಗ, ಜಾಸ್ತಿ ಅಧ್ಯಯನ ಆಗಿರುವುದೂ ಅದರ ಮೇಲೆಯೇ. ಹೊಸ ಹೆಸರಿನ ದುಬಾರಿ ಕ್ರಿಯೇಟಿನ್‌ಗಳು ಅದಕ್ಕಿಂತ ಮೇಲು ಅಂತ ಯಾರೂ ತೋರಿಸಿಕೊಟ್ಟಿಲ್ಲ. ವಿಟಮಿನ್ ಡಿ3 ಕೂಡ ಅಷ್ಟೇ, ದುಡ್ಡು ಜಾಸ್ತಿ ಕೊಟ್ಟರೆ ಸಿಗುವುದು ಚೆಂದದ ಡಬ್ಬಿ.

ಮೀನೆಣ್ಣೆ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. ಮುಂದೆ 1000 ಮಿಲಿಗ್ರಾಂ ಅಂತ ದಪ್ಪಕ್ಷರ. ಹಿಂದೆ ನೋಡಿದರೆ ಇಪಿಎ 180, ಡಿಎಚ್‌ಎ 120. ಇವೆರಡೇ ನಮಗೆ ಬೇಕಾದ ಒಮೆಗಾ-3 ಕೊಬ್ಬುಗಳು, ಅಲ್ಲಿಗೆ ಒಟ್ಟು 300. ಒಂದು ಮಾತ್ರೆಯ ಬೆಲೆಯನ್ನು ಈ 300ರಿಂದ ಭಾಗಿಸಿ ನೋಡಿ, ಅಗ್ಗದ ಡಬ್ಬಿ ಎಷ್ಟೋ ಸಲ ದುಬಾರಿಯಾಗಿಬಿಡುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಪ್ರೋಟೀನ್ ಪುಡಿಯ ಆಟಕ್ಕೆ. ಲ್ಯಾಬ್‌ನಲ್ಲಿ ಸಾಮಾನ್ಯವಾಗಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಆ ಸಾರಜನಕ ಎಲ್ಲಿಂದ ಬಂತು ಅಂತ ಆ ಲೆಕ್ಕ ಕೇಳುವುದಿಲ್ಲ. ಸರಿ, ಸಾರಜನಕ ಇರುವ ಗ್ಲೈಸಿನ್, ಟೌರಿನ್ ಥರದ ಅಗ್ಗದ ಬಿಡಿ ಅಮೈನೊ ಆಮ್ಲ ಸುರಿದರೆ ಆಯ್ತಲ್ಲ, ಕಾಗದದ ಮೇಲೆ ಪ್ರೋಟೀನ್ ಏರುತ್ತದೆ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮಿನ್ ಅನ್ನುವ, ಸಾರಜನಕ ತುಂಬಿದ ಕೈಗಾರಿಕಾ ರಾಸಾಯನಿಕ ಬೆರೆಸಿದ್ದೂ ಇದೇ ಲೆಕ್ಕದ ಕಣ್ಣಿಗೆ ಮಣ್ಣೆರಚಲು. ಅಲ್ಲಿ ಕೂಸುಗಳ ಜೀವವೇ ಹೋಯಿತು. ಹಾಗಾಗಿ ಪದಾರ್ಥಗಳ ಪಟ್ಟಿಯಲ್ಲಿ ಬಿಡಿ ಅಮೈನೊ ಆಮ್ಲಗಳ ಹೆಸರು ಕಂಡು, ಯಾವುದು ಎಷ್ಟು ಅಂತ ಬರೆದಿರದಿದ್ದರೆ ನಾನು ಆ ಪುಡಿ ಮುಟ್ಟುವುದಿಲ್ಲ. 'ನಮ್ಮ ವಿಶೇಷ ಮಿಶ್ರಣ' ಅಂತ ಒಟ್ಟು ತೂಕ ಮಾತ್ರ ಹಾಕಿರುವುದನ್ನಂತೂ ಇಲ್ಲವೇ ಇಲ್ಲ.

ಕೆಲಸವೇ ಮಾಡದ ಮಾತ್ರೆಯಿಂದ ಹೋಗುವುದು ದುಡ್ಡು, ಬಿಡಿ. ತೂಕ ಇಳಿಸುವ, 'ಶಕ್ತಿ' ಹೆಚ್ಚಿಸುವ ಮಾತ್ರೆ ನಾಲ್ಕೇ ದಿನದಲ್ಲಿ ಜೋರಾಗಿ ಕೆಲಸ ಮಾಡಿದರೆ ಮಾತ್ರ ಹೆದರಿ. ಇಂಥವುಗಳಲ್ಲಿ ಲೇಬಲ್‌ನಲ್ಲಿ ಇಲ್ಲದ, ಹಸಿವು ಕಟ್ಟುವ ಸಿಬುಟ್ರಮಿನ್, ವಯಾಗ್ರಾದಲ್ಲಿರುವ ಸಿಲ್ಡೆನಾಫಿಲ್ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಗೆ ಮತ್ತೆ ಮತ್ತೆ ಸಿಕ್ಕಿವೆ. ಸಿಬುಟ್ರಮಿನ್ ಹೃದಯಕ್ಕೆ ಅಪಾಯ ಅಂತ 2010ರಲ್ಲೇ ಅಲ್ಲಿನ ಮಾರುಕಟ್ಟೆಯಿಂದ ಹೊರಬಿದ್ದ ಔಷಧ.

ಯುಎಸ್‌ಪಿ, ಎನ್‌ಎಸ್‌ಎಫ್ ಥರದ ಹೊರಗಿನವರ ಪರೀಕ್ಷೆಯ ಮುದ್ರೆ ಇದ್ದರೆ ಒಳ್ಳೆಯದೇ. ಬರೆದದ್ದು ಒಳಗಿದೆ ಅನ್ನುವ ನಂಬಿಕೆ ಬರುತ್ತದೆ. ಅದು ನಮಗೆ ಬೇಕಾ ಅನ್ನುವುದನ್ನು ಯಾವ ಮುದ್ರೆಯೂ ಹೇಳುವುದಿಲ್ಲ. ಒಳ್ಳೆಯ ವಿಟಮಿನ್ ಬಿ6 ಮಾತ್ರೆಯೇ ಆದರೂ, ಮೂರು ಡಬ್ಬಿಗಳಿಂದ ಸೇರಿ ತಿಂಗಳುಗಟ್ಟಲೆ ಜಾಸ್ತಿ ಹೋದರೆ ನರಕ್ಕೆ ಪೆಟ್ಟಾಗಿ ಕೈಕಾಲು ಜೋಮು ಹಿಡಿಯಬಹುದು. ಇನ್ನು ಕೂದಲಿಗೆ ಅಂತ ಬಯೋಟಿನ್ ನುಂಗುವವರು ರಕ್ತ ಪರೀಕ್ಷೆಗೆ ಹೋಗುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಥೈರಾಯ್ಡ್ ವರದಿ ತಪ್ಪು ಬರಬಹುದು, ಹೃದಯಾಘಾತ ಪತ್ತೆ ಹಚ್ಚುವ ಟ್ರೋಪೋನಿನ್ ಪರೀಕ್ಷೆಯದ್ದು ಕೂಡ.