ಮರಳನ್ನು ಬಿಡುವ ಬೋಗುಣಿ

ಕ್ಯಾಲಿಫೋರ್ನಿಯಾದ ಕೊಲೊಮಾದಲ್ಲಿ, ಅಮೆರಿಕನ್ ನದಿಯ ದಂಡೆಗೆ ಜನ ಇವತ್ತಿಗೂ ಚಿನ್ನ ಜಾಲಿಸಲು ಬರುತ್ತಾರೆ. 1848ರ ಜನವರಿಯಲ್ಲಿ, ಮರ ಕೊಯ್ಯುವ ಗಿರಣಿ ಕಟ್ಟಿಸುತ್ತಿದ್ದ ಜೇಮ್ಸ್ ಮಾರ್ಷಲ್ ಕಣ್ಣಿಗೆ ಹಳದಿ ಚೂರು ಬಿದ್ದದ್ದು ಅಲ್ಲೇ. ಈಗ ಬರುವವರಿಗೆ ಸಿರಿವಂತರಾಗುವ ಹಂಬಲವಿಲ್ಲ, ಭಾನುವಾರ ಕಳೆದರೆ ಸಾಕು. ಆದರೂ ಅಂಗಡಿಯಲ್ಲಿ ಪ್ಯಾನುಗಳ, ಅಂದರೆ ಚಿನ್ನ ಜಾಲಿಸುವ ಅಗಲ ಬೋಗುಣಿಗಳ, ಮುಂದೆ ನಿಂತಾಗ ಎಲ್ಲರದೂ ಒಂದೇ ಪ್ರಶ್ನೆ: ಯಾವುದು ಹೆಚ್ಚು ಚಿನ್ನ ಹಿಡಿಯುತ್ತೆ?

ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರ. ಬೆಣಚುಕಲ್ಲಿನ ಮರಳು 2.65 ಪಟ್ಟು. ನೀರಿನಲ್ಲಿ ಚೆನ್ನಾಗಿ ಅಲ್ಲಾಡಿಸಿದರೆ, ಅಕ್ಕಿ ಜಾಲಿಸುವಾಗ ಕಲ್ಲು ತಳದಲ್ಲಿ ಉಳಿಯುವ ಹಾಗೆ, ಚಿನ್ನ ತಾನಾಗಿ ತಳ ಸೇರುತ್ತದೆ. ಇನ್ನು ಪ್ಯಾನಿಗೆ ಉಳಿಯುವ ಕೆಲಸ ಮರಳನ್ನು ಸುಸೂತ್ರವಾಗಿ ಸಾಗಹಾಕುವುದಷ್ಟೆ. ಆಯ್ಕೆಯನ್ನು ಈ ಕಡೆಯಿಂದ ಶುರುಮಾಡಿದರೆ ತಲೆನೋವು ಕಡಿಮೆ.

ಅಳತೆಯಲ್ಲಿ ದುರಾಸೆ ಬೇಡ. 16 ಇಂಚಿನ ಪ್ಯಾನಿಗೆ ಜಲ್ಲಿ, ನೀರು ತುಂಬಿದರೆ 10 ಕೆ.ಜಿ. ಹತ್ತಿರ ಬರುತ್ತದೆ. ಕುಕ್ಕರುಗಾಲಲ್ಲಿ ಕೂತು ಅದನ್ನು ಅರ್ಧ ಗಂಟೆ ಅಲ್ಲಾಡಿಸಿದ ಮಣಿಕಟ್ಟು ಆಮೇಲೆ ಬುತ್ತಿಯ ತುತ್ತೆತ್ತಲೂ ಒಪ್ಪುವುದಿಲ್ಲ. ಕೈ ಸೋತರೆ ಅಲುಗಾಟ ಮಂದ; ತಳಕ್ಕೆ ಇಳಿಯಬೇಕಾದ ಚಿನ್ನ ಮೇಲಿನ ಪದರದ ಜೊತೆ ಹೊಳೆಗೇ ವಾಪಸ್. ಹೆಚ್ಚಿನವರಿಗೆ 14 ಇಂಚು ಹದ, ಅದೂ ಮುಕ್ಕಾಲು ತುಂಬಿದರೆ ಸಾಕು. 10 ಇಂಚಿನದು ಮಕ್ಕಳಿಗೆ, ಮತ್ತೆ ಕೊನೆಯಲ್ಲಿ ಉಳಿಯುವ ಚಮಚದಷ್ಟು ಕಪ್ಪು ಮರಳು (ಕಬ್ಬಿಣದ ಅಂಶವಿರುವ ಭಾರದ ಮರಳು) ತೊಳೆಯಲಿಕ್ಕೆ.

ಹಳೆಯ ಫೋಟೋಗಳ ಉಕ್ಕಿನ ಪ್ಯಾನಿಗೆ ಒಂದು ಗತ್ತಿದೆ, ಒಪ್ಪೋಣ. ಆದರೆ ತುಕ್ಕು ಹಿಡಿಯದಿರಲೆಂದು ಅದಕ್ಕೆ ಎಣ್ಣೆ ಸವರಿರುತ್ತಾರೆ. ಜಿಡ್ಡು ತಾಗಿದ ಚಿನ್ನದ ತೆಳು ರೇಕು ಒದ್ದೆಯಾಗದೆ ನೀರಿನ ಮೇಲೆ ತೇಲಿಹೋಗುತ್ತದೆ. ಹಾಗಾಗಿ ಬಳಸುವ ಮೊದಲು ಬೆಂಕಿಯ ಮೇಲಿಟ್ಟು ನೀಲಿಗಟ್ಟುವವರೆಗೆ ಸುಡಬೇಕು. ಕಪ್ಪು ಮರಳು ಎಳೆಯಲು ಆಯಸ್ಕಾಂತ ತಂದರೆ ಅದು ಮೊದಲು ಪ್ಯಾನಿಗೇ ಅಂಟಿಕೊಳ್ಳುತ್ತದೆ. ಪ್ಲಾಸ್ಟಿಕ್ಕಿನದು ಹಗುರ, ತುಕ್ಕಿನ ಕಾಟವಿಲ್ಲ. ಆದರೆ ಹೊಸದರ ಮೈಮೇಲೂ ಅಚ್ಚಿನಿಂದ ಬಂದ ಜಿಡ್ಡಿರುತ್ತದೆ. ಪಾತ್ರೆ ತೊಳೆಯುವ ಸೋಪು, ಒಂದು ಹಿಡಿ ಮರಳು ಹಾಕಿ ಉಜ್ಜಿ. ನೀರು ಹನಿಹನಿಯಾಗಿ ನಿಂತರೆ ಇನ್ನೂ ಉಜ್ಜಿ. ತೆಳುವಾಗಿ ಹರಡಿದರೆ ಸಿದ್ಧ. ಕೈಗೆ ಬಳಿದುಕೊಂಡ ಸನ್‌ಸ್ಕ್ರೀನ್ ಇಷ್ಟೂ ಶ್ರಮವನ್ನು ನೀರುಪಾಲು ಮಾಡಬಲ್ಲದು, ಅಕ್ಷರಶಃ.

ಬಣ್ಣ? ಕಪ್ಪಿನಲ್ಲಿ ಚಿನ್ನ ಎದ್ದು ಕಾಣುತ್ತದೆ, ಕಪ್ಪು ಮರಳು ಮಾತ್ರ ಮಾಯ. ಹಸಿರಿನಲ್ಲಿ ಎರಡೂ ಕಾಣುತ್ತವೆ. ಹಸಿರು ತಗೊಳ್ಳಿ.

ಪ್ಯಾನಿನ ಒಂದು ಬದಿಯ ಒಳಗೋಡೆಯಲ್ಲಿರುವ ಮೆಟ್ಟಿಲಿನಂಥ ಏಣುಗಳಿಗೆ ರಿಫಲ್ ಅನ್ನುತ್ತಾರೆ. ಅವು ಅವಸರದವರ ಜಾಮೀನು. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಮರಳು ಜಾಲಿಸುತ್ತಿದ್ದ ಜಾಲಗಾರರು, ಲ್ಯಾಟಿನ್ ಅಮೆರಿಕದಲ್ಲಿ ಲಾಳಿಕೆಯಂತೆ ನಡುವಿಗೆ ಇಳಿಜಾರಾದ ಮರದ ಬೋಗುಣಿ ಬಾತೆಯಾ ತಿರುಗಿಸುವವರು ಇವಿಲ್ಲದೆಯೇ ಚಿನ್ನ ತೆಗೆದರು. (ಜಾಲಗಾರರ ಹೆಸರು ಕೇಳಿ ಪ್ಯಾನು ಹಿಡಿದು ಕೋಲಾರಕ್ಕೆ ಹೊರಡಬೇಡಿ. ಅಲ್ಲಿಯ ಚಿನ್ನ ಆಳದ ಗಟ್ಟಿ ಬಂಡೆಯೊಳಗಿನದು, ಗಣಿಯೂ 2001ರಲ್ಲೇ ಮುಚ್ಚಿತು.) ಆದರೆ ಹೊಸಬರ ಕೈ ನಡುಗುವಾಗ ಆಳವಾದ ಎರಡು ಮೂರು ರಿಫಲ್ ಮರ್ಯಾದೆ ಕಾಯುತ್ತವೆ. ಪ್ಯಾನನ್ನು ನೀರೊಳಗೆ ಸಮತಟ್ಟಾಗಿ ಹಿಡಿದು ಜೇಡಿಯನ್ನು ಬೆರಳಲ್ಲಿ ಕಿವುಚಿ, ದಪ್ಪ ಕಲ್ಲುಗಳನ್ನು ತೊಳೆದು ಎಸೆದು, ಎಡಬಲಕ್ಕೆ ಜೋರಾಗಿ ಅಲ್ಲಾಡಿಸಬೇಕು. ಆಮೇಲೆ ರಿಫಲ್ ಇರುವ ಬದಿಯನ್ನೇ ಆಚೆಗೆ ಬಾಗಿಸಿ ಮೇಲಿನ ಪದರ ಹರಿಯಬಿಡುವುದು. ನಾಲ್ಕೈದು ಸಲ ಅದ್ದಿದ ಮೇಲೆ ಮತ್ತೆ ಮಟ್ಟಮಾಡಿ ಅಲ್ಲಾಡಿಸದಿದ್ದರೆ ತಳದ ಮರಳೂ ಸಡಿಲಾಗಿ ಹೊರಡುತ್ತದೆ. ರಿಫಲ್ ತನ್ನ ಕಡೆಗೆ ತಿರುಗಿಸಿಕೊಂಡು, ನುಣುಪು ಬದಿಯಿಂದ ಸುರಿದು, ಪ್ಯಾನು ಸರಿಯಿಲ್ಲ ಎಂದು ಬೈಯುವವರೂ ಉಂಟು.

ಬೈಯುವ ಮೊದಲು ಮನೆಯಲ್ಲೊಂದು ಟಬ್ಬು ನೀರಿಟ್ಟುಕೊಂಡು ಪರೀಕ್ಷೆ ಮಾಡಬಹುದು. ಸಾಸಿವೆ ಗಾತ್ರದ ಸೀಸದ ಗುಂಡು 10, ಸುತ್ತಿಗೆಯಿಂದ ಚಪ್ಪಟೆ ಮಾಡಿ, ಮರಳಿನಲ್ಲಿ ಕಲಸಿ ಜಾಲಿಸಿ. ಸೀಸ ಚಿನ್ನಕ್ಕಿಂತ ಹಗುರ. ಅದು ಉಳಿದರೆ ಅಷ್ಟೇ ಗಾತ್ರದ ಚಿನ್ನವೂ ಉಳಿಯುತ್ತದೆ. ಆಮೇಲೆ ಗುಂಡುಗಳನ್ನು ಹುಡುಕಿ ತೆಗೆದು ಕೈ ತೊಳೆಯಿರಿ, ಸೀಸ ವಿಷ. ಹತ್ತೂ ಸಿಕ್ಕರೆ ಹೊಸ ಪ್ಯಾನಿನ ಯೋಚನೆ ಬಿಡಿ. ಏಳೇ ಸಿಕ್ಕರೂ ಬಿಡಿ, ಬಾಗಿಸುವ ಕೈ ಸ್ವಲ್ಪ ನಿಧಾನ ಮಾಡಿ.