ಮುನ್ನೂರು ಎಂಬಿಪಿಎಸ್‌ನಲ್ಲಿ ಅರ್ಧ ಹಾಡು

ಒಂದು ಹಾಡು ಕೇಳಲು ಎಷ್ಟು ವೇಗದ ಇಂಟರ್‌ನೆಟ್ ಬೇಕು ಎಂಬುದು ಗುಟ್ಟಿನ ಸಂಗತಿಯೇನಲ್ಲ. ಹಾಡು ಕೇಳಿಸುವ ಆ್ಯಪ್‌ಗಳು ಸಾಮಾನ್ಯವಾಗಿ ಕೊಡುವ ಮೇಲ್ದರ್ಜೆಯ ಗುಣಮಟ್ಟಕ್ಕೆ ಸೆಕೆಂಡಿಗೆ 320 ಕಿಲೋಬಿಟ್ ಸಾಕು. ಸಿ.ಡಿ.ಯಲ್ಲಿ ಇರುವುದನ್ನು ಒಂದಿಷ್ಟೂ ಕುಗ್ಗಿಸದೆ ಮನೆಗೆ ತರಿಸಿಕೊಳ್ಳುತ್ತೇನೆಂದು ಹಟ ಹಿಡಿದರೂ 1,411 ಕಿಲೋಬಿಟ್, ಅಂದರೆ ಒಂದೂವರೆ ಎಂಬಿಪಿಎಸ್ (ಸೆಕೆಂಡಿಗೆ ಸಾವಿರ ಕಿಲೋಬಿಟ್ ಎಂದರೆ ಒಂದು ಎಂಬಿಪಿಎಸ್) ಒಳಗೇ ಕೆಲಸ ಮುಗಿಯುತ್ತದೆ. ಬ್ರಾಡ್‌ಬ್ಯಾಂಡ್ ಎಂದು ಕರೆಸಿಕೊಳ್ಳಲು ಬೇಕಾದ ಕನಿಷ್ಠ ವೇಗವನ್ನು ಕೇಂದ್ರ ಸರ್ಕಾರ 2023ರಲ್ಲಿ 512 ಕಿಲೋಬಿಟ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿತು. ಹಾಗಾಗಿ ಕಾನೂನಿನ ಕಣ್ಣಿಗೆ ಅತ್ಯಂತ ಬಡಪಾಯಿಯಾದ ಸಂಪರ್ಕ ಹೊಂದಿರುವವನೂ ಉತ್ತಮ ಗುಣಮಟ್ಟದ ಆರು ಹಾಡುಗಳನ್ನು ಏಕಕಾಲಕ್ಕೆ ಕೇಳಬಲ್ಲ ಭಾಗ್ಯವಂತ. ಒಟ್ಟಿಗೆ ಆರು ಹಾಡು ಕೇಳುವ ಕಿವಿ ಮನುಷ್ಯನಿಗೆ ಇನ್ನೂ ಮೂಡಿಲ್ಲ. ಆದರೂ ತೀರ್ಥಹಳ್ಳಿ, ಹೊಸನಗರ, ಸಾಗರದ ಪೇಟೆಗಳಲ್ಲಿ ಕಟ್ಟಿರುವ ಫ್ಲೆಕ್ಸ್‌ಗಳು ಮುನ್ನೂರು ಎಂಬಿಪಿಎಸ್‌ಗಿಂತ ಕಡಿಮೆ ಮಾತಾಡುವುದು ತಮ್ಮ ಘನತೆಗೆ ತಕ್ಕದ್ದಲ್ಲವೆಂದು ಭಾವಿಸಿವೆ. ಮುನ್ನೂರು ಎಂಬಿಪಿಎಸ್ ಎಂದರೆ ಒಂಬೈನೂರಕ್ಕೂ ಹೆಚ್ಚು ಹಾಡುಗಳು ಒಂದೇ ಹೊತ್ತಿಗೆ. ಒಂದು ಮನೆಯಲ್ಲಿ, ಅದೂ ಮಕ್ಕಳೆಲ್ಲ ಬೆಂಗಳೂರಿಗೆ ಹೋಗಿ ಅಪ್ಪ ಅಮ್ಮ ಇಬ್ಬರೇ ಉಳಿದಿರುವ ಮನೆಯಲ್ಲಿ.

ಹಾಡಿಗೆ ನಿಜವಾಗಿ ಬೇಕಾದದ್ದು ಬೇರೆಯೇ ಇದೆ. ಪಲ್ಲವಿ ಶುರುವಾದ ಮೇಲೆ ಕೊನೆಯ ಚರಣ ಮುಗಿಯುವ ತನಕ, ಸುಮಾರು ನಾಲ್ಕು ನಿಮಿಷ, ಸಂಪರ್ಕ ಕಡಿಯಬಾರದು. ಇಷ್ಟೇ ಅದರ ಬೇಡಿಕೆ. ಆದರೆ ಕಡಿಯದಿರುವಿಕೆಯನ್ನು ಅಳೆಯುವ ಮಾನ ಫ್ಲೆಕ್ಸ್‌ನಲ್ಲಿ ಹಿಡಿಸುವುದಿಲ್ಲ, ಅದಕ್ಕೆ ರಿಬ್ಬನ್ ಕತ್ತರಿಸಲು ಬರುವುದಿಲ್ಲ, ಅದು ಯಾವ ಇಲಾಖೆಯ ಪ್ರಗತಿ ವರದಿಯ ಕಾಲಂನಲ್ಲೂ ಇಲ್ಲ. ಆದ್ದರಿಂದ ಮಲೆನಾಡಿಗೆ ವೇಗ ಬಂದಿದೆ, ರೂಟರ್ ಬಂದಿದೆ, ಟವರ್ ಬಂದಿದೆ. ಹಾಡು ಮಾತ್ರ ಅರ್ಧಕ್ಕೇ ಬರುತ್ತದೆ.

ನಮ್ಮೂರಿನ ಗೌಡರ ಮನೆಯಲ್ಲಿ ರೂಟರ್ ಪ್ರತಿಷ್ಠಾಪನೆಯಾದ ಬಗೆಯನ್ನು ಸ್ವಲ್ಪ ವಿವರವಾಗಿ ದಾಖಲಿಸುವುದು ಅಗತ್ಯ, ಏಕೆಂದರೆ ಇದು ಇಡೀ ಸೀಮೆಯಲ್ಲಿ ನಡೆಯುತ್ತಿರುವ ಕ್ರಮ. ಬೆಂಗಳೂರಿನಲ್ಲಿರುವ ಮಗ, ಅಡಿಕೆ ಸುಲಿಯುವಾಗ ಅಮ್ಮನಿಗೆ ಹಾಡು ಕೇಳಲಿ ಎಂದು, ಮಾತಾಡಿದರೆ ಉತ್ತರಿಸುವ ಸ್ಪೀಕರ್ ಒಂದನ್ನು ಕೊರಿಯರ್‌ನಲ್ಲಿ ಕಳಿಸಿದ. ಅದು ಹಾಡಬೇಕಾದರೆ ವೈಫೈ ಬೇಕು. ವೈಫೈಗೆ ಫೈಬರ್ ಬೇಕು. ಫೈಬರ್ ಎಂಬ ಆ ಕರೀ ದಾರ ವಿದ್ಯುತ್ ಕಂಬದಿಂದ ಹಲಸಿನ ಮರಕ್ಕೆ, ಹಲಸಿನ ಮರದಿಂದ ಅಡಿಕೆ ಮರಕ್ಕೆ, ಅಲ್ಲಿಂದ ಇನ್ನೊಂದು ಅಡಿಕೆ ಮರಕ್ಕೆ ಸುತ್ತಿಕೊಳ್ಳುತ್ತ ತೋಟ ದಾಟಿ ಮನೆ ಮುಟ್ಟಿತು. ಕೊಳೆರೋಗದ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರನಿಗೆ ಇನ್ನು ಮುಂದೆ ದೂರಸಂಪರ್ಕದ ತಿಳಿವಳಿಕೆಯೂ ಇರತಕ್ಕದ್ದು. ಬಂದ ಹುಡುಗ ಜಗುಲಿಯಲ್ಲಿ ನಿಂತು, "ಅಮ್ಮಾ, ಪ್ಲಗ್ ಪಾಯಿಂಟ್ ಎಲ್ಲುಂಟು?" ಎಂದು ಕೇಳಿ, ಬಾಗಿಲ ಪಕ್ಕದಲ್ಲಿಯೇ ಕಂಡ ಮೊದಲ ಪ್ಲಗ್ಗಿನ ಮೇಲೆ ನಾಲ್ಕು ಕೊಂಬಿನ ಬಿಳಿ ಡಬ್ಬಿಯನ್ನು ಮೊಳೆ ಹೊಡೆದು ಕೂರಿಸಿದ. ಮನೆಯ ಯಾವ ಮೂಲೆಯಲ್ಲಿ ಯಾರು ಹಾಡು ಕೇಳುತ್ತಾರೆ ಎಂಬುದು ಅವನ ಕೆಲಸದ ವ್ಯಾಪ್ತಿಗೆ ಬರುವುದಿಲ್ಲ. ಬಳಿಕ ಮೊಬೈಲನ್ನು ಆ ಕೊಂಬುಗಳಿಗೆ ತಾಗುವಷ್ಟು ಹತ್ತಿರ ಹಿಡಿದು ವೇಗ ಪರೀಕ್ಷೆ ಮಾಡಿದ. ಮುಳ್ಳು ಬಲಕ್ಕೆ ವಾಲಿತು. ಗೌಡರು ಸಹಿ ಹಾಕಿದರು. ಸರ್ಕಾರದ ಲೆಕ್ಕದಲ್ಲಿ, ಕಂಪನಿಯ ಲೆಕ್ಕದಲ್ಲಿ, ಮಗನ ಲೆಕ್ಕದಲ್ಲಿ ಆ ಮನೆ ಆ ಗಳಿಗೆಯಿಂದ ಸಂಪರ್ಕಿತ.

ಅಡಿಕೆ ಸುಲಿಯುವುದು ಜಗುಲಿಯಲ್ಲಲ್ಲ, ಅಂಗಳದಾಚೆಯ ಕೊಟ್ಟಿಗೆಯ ಮಾಡಿನಲ್ಲಿ. ಜಗುಲಿಗೂ ಆ ಮಾಡಿಗೂ ನಡುವೆ ಮೂರು ಗೋಡೆಗಳಿವೆ. ಹಳೆಯ ಮಲೆನಾಡಿನ ಮನೆಯ ಮಣ್ಣಿನ ಗೋಡೆ ಎಂದರೆ ಎರಡು ಅಡಿ ದಪ್ಪ, ಆಷಾಢ ಕಳೆದು ದೀಪಾವಳಿ ಬಂದರೂ ಒಣಗದ ತೇವ. ರೂಟರ್ ಎರಡು ಬಗೆಯ ಅಲೆಗಳನ್ನು ಬಿಡುತ್ತದೆ. 5 ಗಿಗಾಹರ್ಟ್ಸ್‌ನದ್ದು ವೇಗದಲ್ಲಿ ಶೂರ, ಗೋಡೆ ಎದುರಾದರೆ ಸುಸ್ತು, 2.4 ಗಿಗಾಹರ್ಟ್ಸ್‌ನದ್ದು ನಿಧಾನ, ಆದರೆ ಗೋಡೆ ದಾಟುವುದರಲ್ಲಿ ವಾಸಿ. ಹಾಡಿಗೆ ಬೇಕಾಗುವುದು ಈ ನಿಧಾನಸ್ಥನೇ. ಫ್ಲೆಕ್ಸ್‌ನಲ್ಲಿ ಫೋಟೊ ಬರುವುದು ಆ ಶೂರನದು. ತೇವ ತುಂಬಿದ ಮೂರು ಮಣ್ಣಿನ ಗೋಡೆಗಳನ್ನು ದಾಟಿದ ಮೇಲೆ ಹಾಡು ಹೊರುವಷ್ಟು ಬಲ ಇಬ್ಬರಲ್ಲೂ ಉಳಿಯಲಿಲ್ಲ ಎಂಬುದು ಬೇರೆ ಮಾತು.

ಪರಿಹಾರವಾಗಿ ಇನ್ನೊಂದು ರೂಟರ್ ತರಿಸಿ ಕೊಟ್ಟಿಗೆಯ ಮಾಡಿನ ತೊಲೆಗೆ ಕಟ್ಟಿ, ಜಗುಲಿಯ ಡಬ್ಬಿಯಿಂದ ಅಲ್ಲಿಗೆ ತಂತಿ ಎಳೆಯಲಾಯಿತು. ಈಗ ಮನೆಯಲ್ಲಿ ಎರಡು ರೂಟರ್‌ಗಳು, ಎರಡಕ್ಕೂ ಪ್ರತ್ಯೇಕ ಆಡಳಿತ. ಸ್ಪೀಕರ್ ಕೊಟ್ಟಿಗೆಯ ರೂಟರ್‌ನ ಅಧೀನದಲ್ಲಿ, ಅಮ್ಮನ ಕೈಯ ಮೊಬೈಲ್ ಜಗುಲಿಯ ರೂಟರ್‌ನ ಅಧೀನದಲ್ಲಿ. ಮೊಬೈಲು ಸ್ಪೀಕರ್‌ನ ತಲೆಯ ಮೇಲೇ ಇದ್ದರೂ "ಹತ್ತಿರದಲ್ಲಿ ಯಾವ ಸಾಧನವೂ ಕಂಡುಬರಲಿಲ್ಲ" ಎಂದು ಷರಾ ಬರೆಯಿತು. ಒಂದೇ ಗುಡ್ಡದ ಮೇಲೆ ನಿಂತಿದ್ದರೂ ಕಂದಾಯ ಇಲಾಖೆಯ ನಕ್ಷೆಗೆ ಅರಣ್ಯ ಇಲಾಖೆಯ ಬಾಂದುಕಲ್ಲು ಕಾಣುವುದಿಲ್ಲವಲ್ಲ, ಹಾಗೆ. ರೂಟರ್‌ಗಳ ಪುಣ್ಯ ದೊಡ್ಡದು: ಎರಡನೆಯದರ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಬರೀ ಆ್ಯಕ್ಸೆಸ್ ಪಾಯಿಂಟ್ ಆಗಿ ಬದಲಿಸಿದರೆ, ವಿಳಾಸ ಹಂಚುವ ಅಧಿಕಾರ ಮೊದಲನೆಯದೊಂದಕ್ಕೇ ಉಳಿದು, ಮನೆಯೆಲ್ಲ ಒಂದೇ ಜಾಲವಾಗುತ್ತದೆ. ರಜೆಗೆ ಬಂದಿದ್ದ ಗೌಡರ ಅಕ್ಕನ ಮಗಳು ಕಾಫಿ ಆರುವಷ್ಟರಲ್ಲಿ ಈ ಕೆಲಸ ಮುಗಿಸಿದಳು. ಇಲಾಖೆಗಳಿಗೆ ಇಂಥ ಸೆಟ್ಟಿಂಗ್ ಇಟ್ಟಿಲ್ಲದ ಕಾರಣ ಜಂಟಿ ಸರ್ವೆ ಇನ್ನೂ ನಡೆಯುತ್ತಿದೆ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. 2.4 ಗಿಗಾಹರ್ಟ್ಸ್‌ನ ಅಲೆಗಳನ್ನು ಕಡಿಮೆ ಶಕ್ತಿಯ ಉಪಕರಣಗಳಲ್ಲಿ ಬಳಸಲು ಲೈಸೆನ್ಸ್ ಬೇಡವೆಂದು ಸರ್ಕಾರ 2005ರಲ್ಲೇ ನಿಯಮ ಮಾಡಿದೆ. ಎಲ್ಲಿಯೋ ದೂರದ ಸರ್ವರ್‌ನಿಂದ ಹೊರಟು ಸಮುದ್ರ, ನಗರ, ಘಟ್ಟ, ಕಾಡು ದಾಟಿ ಬರುವ ಹಾಡಿನ ಅಷ್ಟುದ್ದದ ಪ್ರಯಾಣದಲ್ಲಿ ಯಾರ ಅಪ್ಪಣೆಯೂ ಬೇಡದ, ಯಾವ ಇಲಾಖೆಗೂ ಸೇರದ ಭಾಗವೆಂದರೆ ರೂಟರ್‌ನಿಂದ ಸ್ಪೀಕರ್‌ವರೆಗಿನ ಈ ಕೊನೆಯ ಕೆಲವು ಅಡಿ. ಗೌಡರ ಮನೆಯಲ್ಲಿ ಇಂದಿಗೂ ತಕರಾರಿಲ್ಲದೆ ಕೆಲಸ ಮಾಡುತ್ತಿರುವುದು ಅದೊಂದೇ.

ಇನ್ನು ಕರೆಂಟು. ಶಿವಮೊಗ್ಗ ಜಿಲ್ಲೆಗೆ ಕರೆಂಟಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ಹೊಲ, ಮನೆ, ದೇವಸ್ಥಾನಗಳನ್ನು ನೀರಿಗೆ ಬಿಟ್ಟುಕೊಟ್ಟು ರಾಜ್ಯಕ್ಕೆ ಬೆಳಕು ಕೊಟ್ಟ ಸೀಮೆ ಇದು. ಶರಾವತಿ ವಿದ್ಯುದಾಗಾರದ ಸ್ಥಾಪಿತ ಸಾಮರ್ಥ್ಯ 1,035 ಮೆಗಾವಾಟ್. ರೂಟರ್‌ನ ಅಡಾಪ್ಟರ್ ಹನ್ನೆರಡು ವೋಲ್ಟ್, ಒಂದು ಆಂಪಿಯರ್‌ನದ್ದು. ಹೆಚ್ಚೆಂದರೆ 12 ವಾಟ್. ಭಾಗಿಸಿ ನೋಡಿದರೆ ಆ ಒಂದೇ ವಿದ್ಯುದಾಗಾರ ಎಂಟೂವರೆ ಕೋಟಿಗೂ ಹೆಚ್ಚು ರೂಟರ್‌ಗಳನ್ನು ಒಟ್ಟಿಗೆ ಉರಿಸಬಲ್ಲದು. ಹಿನ್ನೀರಿನ ಮನೆಯವರು ಕೇಳುತ್ತಿರುವುದು ಒಂದನ್ನು. ಆ ಒಂದಕ್ಕೆ ಮಳೆಗಾಲದಲ್ಲಿ ಕರೆಂಟಿಲ್ಲ, ಏಕೆಂದರೆ ಮರ ಬೀಳುತ್ತದೆ. ಬೇಸಿಗೆಯಲ್ಲಿ ಕರೆಂಟಿಲ್ಲ, ಏಕೆಂದರೆ ಮಳೆಗಾಲಕ್ಕೆ ಮುಂಚೆ ಮರದ ಕೊಂಬೆ ಕಡಿಯಬೇಕು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯ ಕಡೆ ಮಳೆ ಬಂದದ್ದನ್ನು ಪ್ರತಿ ವರ್ಷವೂ ಅನಿರೀಕ್ಷಿತ ಪ್ರಕೃತಿ ವಿಕೋಪವೆಂದು ದಾಖಲಿಸುವ ಸಂಪ್ರದಾಯ ಮುಂದುವರಿದಿದೆ.

ಇನ್ವರ್ಟರ್ ಇದ್ದವರು ತಾವು ಗೆದ್ದೆವು ಎಂದುಕೊಳ್ಳುವಂತಿಲ್ಲ. ಮನೆಯ ರೂಟರ್ ಇನ್ವರ್ಟರ್‌ನಲ್ಲಿ ಹಸಿರಾಗಿ ಮಿನುಗುತ್ತದೆ, ಮೊಬೈಲಿನಲ್ಲಿ ವೈಫೈ ಚಿಹ್ನೆ ಪೂರ್ತಿ ತುಂಬಿರುತ್ತದೆ. ಆದರೆ ಪೇಟೆಯಲ್ಲಿ ಈ ಫೈಬರ್‌ಗೆ ಬೆಳಕು ಊಡುವ ಯಂತ್ರದ ಬ್ಯಾಟರಿ ಮಲಗಿರುತ್ತದೆ. ಅದು ಎದ್ದ ದಿನ ಮಂಗಗಳ ಸರದಿ. ತೋಟದ ನಡುವೆ ಬಿಗಿಯಾಗಿ ಕಟ್ಟಿದ ದಾರವನ್ನು ಕಂಡು ಅದರಲ್ಲಿ ಜೋತಾಡದೆ ಮುಂದೆ ಹೋಗುವಷ್ಟು ಸಂಯಮ ಮಂಗನಿಗೆ ಎಲ್ಲಿಂದ ಬರಬೇಕು? ಫೈಬರ್ ಎಂಬುದು ಗಾಜಿನ ಎಳೆ. ತುಂಡಾದರೆ ಗಂಟು ಹಾಕಿ ಟೇಪು ಸುತ್ತಲು ಬರುವುದಿಲ್ಲ. ಎರಡು ತುದಿಗಳನ್ನು ಸವರಿ, ನೇರ ಕೂಡಿಸಿ, ಕಾಯಿಸಿ ಬೆಸೆಯುವ ಸ್ಪ್ಲೈಸಿಂಗ್ ಮಷೀನ್ ಬೇಕು. ಆ ಮಷೀನು ತಾಲ್ಲೂಕಿಗೆಲ್ಲ ಒಂದೇ, ಅದು ಯಾವಾಗಲೂ ಇನ್ನೊಂದು ಹೋಬಳಿಯಲ್ಲಿ ಇರುತ್ತದೆ.

ದೂರು ಕೊಡುವ ವ್ಯವಸ್ಥೆಯನ್ನು ಅತ್ಯಂತ ಸರಳಗೊಳಿಸಲಾಗಿದೆ. ಇಂಟರ್‌ನೆಟ್ ಇಲ್ಲವೆಂಬ ದೂರನ್ನು ಇಂಟರ್‌ನೆಟ್ ಇರುವ ಯಾವ ಜಾಗದಿಂದ ಬೇಕಾದರೂ ಆ್ಯಪ್ ಮೂಲಕ ಸಲ್ಲಿಸಬಹುದು. ಒಟಿಪಿ ಬರುವ ಮೊಬೈಲಿಗೆ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಕಿಟಕಿಯಲ್ಲಿ ಮಾತ್ರ. ಆದ್ದರಿಂದ ಗೌಡರ ಮೊಬೈಲು ಅದರ ಸರಳಿಗೆ ಕಟ್ಟಿದ ಗೊಬ್ಬರದ ಕಂಪನಿಯ ಪ್ಲಾಸ್ಟಿಕ್ ಚೀಲದಲ್ಲಿ ಕಾಯಂ ವಾಸವಾಗಿದೆ. ದೂರು ದಾಖಲಾದ ಮರುದಿನ ಆ ಚೀಲದೊಳಗೆ ಟಿಣ್ ಎಂದು ಸದ್ದಾಗುತ್ತದೆ: ನಿಮ್ಮ ದೂರನ್ನು ಯಶಸ್ವಿಯಾಗಿ ಪರಿಹರಿಸಲಾಗಿದೆ, ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ? ಜಗುಲಿಯಲ್ಲಿ ರೂಟರ್‌ನ ಕೆಂಪು ದೀಪ ಆಗಲೂ ಉರಿಯುತ್ತಲೇ ಇರುತ್ತದೆ.

ಹೀಗೆಲ್ಲ ಇದ್ದೂ ಕಾಗದದ ಮೇಲೆ ನಮ್ಮ ಸೀಮೆ ಹಿಂದುಳಿದಿಲ್ಲ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಮುಟ್ಟಿಸುವ ರಾಷ್ಟ್ರೀಯ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2011ರಲ್ಲಿ, ಅದು ಭಾರತ್‌ನೆಟ್ ಎಂದು ಹೆಸರು ಬದಲಿಸಿಕೊಂಡಿದ್ದು 2015ರಲ್ಲಿ. ದಾರ ಪಂಚಾಯಿತಿ ಕಟ್ಟಡ ಮುಟ್ಟಿದರೆ ಊರು ಮುಟ್ಟಿದಂತೆ ಎಂಬ ಲೆಕ್ಕ ಬಯಲುಸೀಮೆಯ ಒತ್ತೊತ್ತಿನ ಊರುಗಳಿಗೆ ಸರಿಯಿರಬಹುದು. ಮಲೆನಾಡಿನಲ್ಲಿ ಊರೆಂದರೆ ಗುಡ್ಡದ ಈ ಮಗ್ಗುಲಿಗೆ ಒಂದು ಮನೆ, ಹಳ್ಳ ದಾಟಿದರೆ ಇನ್ನೊಂದು. ಪಂಚಾಯಿತಿ ಕಟ್ಟಡದಲ್ಲಿ ಮಿನುಗುವ ದೀಪವನ್ನು ಒಂಟಿಮನೆಯವರು ಜಾತಿ ಪ್ರಮಾಣಪತ್ರಕ್ಕೆ ಹೋದಾಗ ನೋಡಿ ಬರಬಹುದು, ಅಷ್ಟೇ. 2020ರಲ್ಲಿ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಕೊಡೆ ಹಿಡಿದು ಗುಡ್ಡದ ನೆತ್ತಿಯಲ್ಲಿ ಕೂತ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ನೆಟ್‌ವರ್ಕ್ ಇಲ್ಲದಿದ್ದರೆ ಮತವೂ ಇಲ್ಲ ಎಂದು ಹಳ್ಳಿಗಳಲ್ಲಿ ಬ್ಯಾನರ್ ಕಟ್ಟಿದ್ದೂ ಆಯಿತು. ಆ ಬಳಿಕ ಕೆಲವೆಡೆ ಟವರ್ ನಿಂತಿತು. ಅಂಥ ಒಂದು ಟವರ್‌ನ ಉದ್ಘಾಟನೆಯಲ್ಲಿ ತೆಗೆದ ಫೋಟೊವನ್ನು ಕಳಿಸಲು ಅತಿಥಿಗಳು ಘಟ್ಟದ ತಿರುವಿನವರೆಗೆ ಕಾರಿನಲ್ಲಿ ಹೋಗಬೇಕಾಯಿತು ಎಂದು ಊರವರು ಹೇಳುತ್ತಾರೆ. ಊರವರ ಮಾತಿಗೆ ಉಪ್ಪು ಖಾರ ಸ್ವಲ್ಪ ಜಾಸ್ತಿ, ಆದರೆ ಇದನ್ನು ನಂಬಲು ನನಗೆ ಕಷ್ಟವಾಗಲಿಲ್ಲ. ಅಭಯಾರಣ್ಯದೊಳಗೆ ಒಂದು ಕಂಬ ನೆಡಬೇಕಾದರೆ ಕಡತ ಬೆಂಗಳೂರು ದೆಹಲಿಗಳ ಮೆಟ್ಟಿಲು ಹತ್ತಿಳಿಯಬೇಕು. ಅದೇ ಕಾಡಿನ ಹೊಟ್ಟೆಯಲ್ಲಿ ಕೆಳಗಿನ ನೀರನ್ನು ಮೇಲಕ್ಕೆತ್ತಿ ಮತ್ತೆ ಹರಿಸಿ ಕರೆಂಟು ತೆಗೆಯುವ ಎರಡು ಸಾವಿರ ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಸುರಂಗ ಕೊರೆಯುವ ಮಾತು ಬಂದಾಗ ಕಡತಕ್ಕೆ ಎಲ್ಲಿಂದಲೋ ಐದನೆಯ ತಲೆಮಾರಿನ ವೇಗ ಬಂದುಬಿಡುತ್ತದೆ.

ಹಿಂದೆ ಇದೇ ಕೊಟ್ಟಿಗೆಯಲ್ಲಿ ಆಕಾಶವಾಣಿ ಭದ್ರಾವತಿ ಕೇಳುತ್ತಿತ್ತು, 675 ಕಿಲೋಹರ್ಟ್ಸ್‌ನಲ್ಲಿ, ಪಾಸ್‌ವರ್ಡ್ ಇಲ್ಲದೆ, ಎರಡು ಸೆಲ್ಲಿನ ಬಲದಲ್ಲಿ. ಆ ಕಾಲವೇ ಚಿನ್ನದ್ದೆಂದು ನಾನು ಹೇಳುವವನಲ್ಲ. ಗುಡುಗಿದರೆ ಅದೂ ಕರಕರ ಎನ್ನುತ್ತಿತ್ತು, ನಮಗೆ ಬೇಕಾದ ಹಾಡನ್ನು ಬಿಟ್ಟು ತನಗೆ ಬೇಕಾದದ್ದನ್ನು ಹಾಕುತ್ತಿತ್ತು, ಹಾಡಿನ ಹೊತ್ತಿಗೆ ಸರಿಯಾಗಿ ಭತ್ತದ ಬೆಂಕಿರೋಗದ ಬಗ್ಗೆ ಸಂದರ್ಶನ ಬರುತ್ತಿತ್ತು. ಆದರೆ ಕೊಟ್ಟಿಗೆಯವರು ಹಾಡು ಕೇಳುವುದಕ್ಕೂ ಮುಂಚೆ ಐಪಿ ವಿಳಾಸ, ಚಾನೆಲ್ ಸಂಖ್ಯೆ, ಬ್ಯಾಂಡ್‌ವಿಡ್ತ್ ಕಲಿಯಬೇಕಾಗಿರಲಿಲ್ಲ. ಆಗ ಹಾಡು ತಲುಪಿಸುವುದು ಹಾಡು ಕಳಿಸುವವರ ಜವಾಬ್ದಾರಿಯಾಗಿತ್ತು. ಈಗ ಅದು ಕೇಳುವವರ ಜವಾಬ್ದಾರಿ, ಬಾಡಿಗೆ ಮಾತ್ರ ತಿಂಗಳಿಗೆ ಮುಂಗಡ.

ಕಳೆದ ಸುಗ್ಗಿಯಲ್ಲಿ ಒಂದು ಸಂಜೆ, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳ ಮುಂದೆ ಹೆಂಗಸರು ಸಾಲಾಗಿ ಕೂತಿದ್ದಾಗ, ಸ್ಪೀಕರ್ ಎಂದಿನಂತೆ ಒಂದು ಪಲ್ಲವಿ ಹಾಡಿ, ಇಂಟರ್‌ನೆಟ್ ಸಂಪರ್ಕವನ್ನು ಪರಿಶೀಲಿಸಿ ಎಂದು ಇಂಗ್ಲಿಷ್‌ನಲ್ಲಿ ಅಪ್ಪಣೆ ಕೊಟ್ಟು ಸುಮ್ಮನಾಯಿತು. ಅದೇ ಹೊತ್ತಿಗೆ ಕಿಟಕಿಯ ಚೀಲದೊಳಗಿನ ಮೊಬೈಲು ರಿಂಗಾಯಿತು. ಚೀಲದಿಂದ ಹೊರತೆಗೆದರೆ ಸಿಗ್ನಲ್ ಹೋಗುತ್ತದಾದ್ದರಿಂದ ಗೌಡರು ಕೈಯನ್ನಷ್ಟೇ ಒಳಗೆ ತೂರಿಸಿ ಸ್ಪೀಕರ್‌ಫೋನ್ ಒತ್ತಿದರು. ಕಂಪನಿಯ ಹುಡುಗಿ ಬಹಳ ವಿನಯದಿಂದ, "ಸರ್, ತಾವು ನಮ್ಮ ಗೌರವಾನ್ವಿತ ಗ್ರಾಹಕರು, ಕೇವಲ ಇನ್ನೂರು ರೂಪಾಯಿ ಹೆಚ್ಚಿಗೆ ಕೊಟ್ಟರೆ ತಮ್ಮ ಪ್ಲಾನನ್ನು ಐನೂರು ಎಂಬಿಪಿಎಸ್‌ಗೆ ಏರಿಸಿಕೊಡುತ್ತೇವೆ" ಎಂದಳು.

"ಐನೂರು ಬೇಡ ತಂಗಿ," ಎಂದರು ಗೌಡರು, "ಒಂದೇ ಸಾಕು. ಒಂದು ಹಾಡು ಮುಗಿಯೋವರೆಗೆ ಕಡೀದೆ ಇರೋ ಪ್ಲಾನ್ ಯಾವುದಾದರೂ ಉಂಟಾ? ಅದಕ್ಕೆ ಇನ್ನೂರಲ್ಲ, ನಾನೂರು ಕೊಡ್ತೀನಿ."

ಅವಳು ಸ್ವಲ್ಪ ಹೊತ್ತು ಯೋಚಿಸಿ, ಈ ಬಗ್ಗೆ ಮೇಲಿನವರನ್ನು ಕೇಳಿ ಹೇಳುತ್ತೇನೆ, ದಯವಿಟ್ಟು ಲೈನಿನಲ್ಲಿಯೇ ಇರಿ ಎಂದು ಹೋಲ್ಡ್‌ಗೆ ಹಾಕಿದಳು. ಚೀಲದೊಳಗಿನಿಂದ ಸಂಗೀತ ಶುರುವಾಯಿತು: ಕೊಳಲು, ಹಿಂದೆ ತಬಲ. ಮೇಲಿನವರು ಸಿಗಲಿಲ್ಲವೆಂದು ಕಾಣುತ್ತದೆ. ಅದು ಒಂದೂ ಕಡೆ ಕಡಿಯದೆ ಮುಗಿದು, ಮತ್ತೆ ಮೊದಲಿನಿಂದ ಶುರುವಾಯಿತು. ಗೌಡರು ಫೋನ್ ಇಡಲು ಎದ್ದಾಗ ಮೆಟ್ಟುಗತ್ತಿಯ ಮುಂದಿದ್ದ ಅತ್ತಿಗೆ ತಲೆ ಎತ್ತದೆಯೇ ಹೇಳಿದರು: "ಇರ್ಲಿ ಬಿಡಿ ಭಾವ, ಆ ಹುಡುಗಿ ಬರೋ ತನಕ ಹಾಗೇ ಇರ್ಲಿ. ಈ ಗೋಣಿಯಷ್ಟು ಅಡಿಕೆ ಆದರೂ ಮುಗೀಲಿ."