ಕಬಾಕೋವ್‌ಗೆ ಎರಡು ಬದುಕು ಇರ್ಲಿಲ್ಲ

ಸೋವಿಯತ್ ಕಾಲದ ಕಲಾವಿದ ಇಲ್ಯಾ ಕಬಾಕೋವ್ ಬಗ್ಗೆ ಯಾರು ಬರೆದ್ರೂ ಅದೇ ರಾಗ. ಹೊಟ್ಟೆಪಾಡಿಗೆ ಸೋವಿಯತ್ ಸರ್ಕಾರದ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೀತಿದ್ದ, ಉಳಿದ ಹೊತ್ತಲ್ಲಿ ಕದ್ದುಮುಚ್ಚಿ 'ನಿಜವಾದ' ಕಲೆ ಮಾಡ್ತಿದ್ದ, ಪಾಪ ಎರಡು ದೋಣಿ ಮೇಲೆ ಕಾಲು ಅಂತ. ನಂಗ್ಯಾಕೋ ಇದು ಒಪ್ಪಿಗೆ ಆಗಲ್ಲ. ಅವನ ಕಲೆ ಹುಟ್ಟಿದ್ದೇ ಆ ಹೊಟ್ಟೆಪಾಡಿನ ಕೆಲಸದಲ್ಲಿ ಅಂತೀನಿ ನಾನು.

1933ರಲ್ಲಿ ಉಕ್ರೇನ್‌ನಲ್ಲಿ ಹುಟ್ಟಿದ ಯಹೂದಿ ಹುಡುಗ, ಮಾಸ್ಕೋದ ಸೂರಿಕೋವ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದ್ದು. ಸರ್ಕಾರ ಒಪ್ಪಿದ ಕಲಾವಿದರ ಸಂಘದ ಮೆಂಬರ್ ಬೇರೆ, ಸ್ರೆಟೆನ್ಸ್ಕಿ ಬುಲೆವಾರ್‌ನ ಹಳೇ ಬಿಲ್ಡಿಂಗಿನ ಅಟ್ಟದಲ್ಲಿ ಸ್ಟುಡಿಯೋ ಇತ್ತು. 1974ರಲ್ಲಿ ಅನಧಿಕೃತ ಕಲಾವಿದರು ಬಯಲಲ್ಲಿ ಪ್ರದರ್ಶನ ಇಟ್ಟು ಸರ್ಕಾರ ಬುಲ್ಡೋಜರ್ ನುಗ್ಗಿಸ್ತಲ್ಲ, ಅಲ್ಲಿ ಇವನು ಇರ್ಲಿಲ್ಲ. ಪುಕ್ಕಲ ಅಂತ ಬೇಕಾದ್ರೆ ಬೈರಿ.

ಆದ್ರೆ ಅದೇ ಕಾಲಕ್ಕೆ ಆ ಅಟ್ಟದಲ್ಲಿ ಗೆಳೆಯರನ್ನ ಕೂರಿಸ್ಕೊಂಡು ತಾನೇ ಬರೆದ ಚಿತ್ರಗಳ ಆಲ್ಬಮ್ ತೋರಿಸ್ತಿದ್ದ, ಬಿಡಿ ಹಾಳೆಗಳನ್ನ ಒಂದೊಂದಾಗಿ ತಿರುವುತ್ತಾ ಓದಿ ಹೇಳ್ತಾ. ಒಂದರಲ್ಲಿ ಪ್ರಿಮಕೋವ್ ಅನ್ನೋ ಹುಡುಗ ಬೀರು ಒಳಗೆ ಕೂತಿರ್ತಾನೆ. ಮೊದಲ ಹಾಳೆಗಳು ಬರೀ ಕಪ್ಪು, ಬೀರು ಒಳಗೆ ಇನ್ನೇನ್ ಕಾಣತ್ತೆ! ಬಾಗಿಲು ತೆರೆದಾಗ ರೂಮು, ಆಮೇಲೆ ಬೀದಿ, ಊರು, ಆಕಾಶ, ಕೊನೆಗೆ ಖಾಲಿ ಬಿಳಿ. ಇದು ಮಕ್ಕಳ ಪುಸ್ತಕದ ಪುಟ ತಿರುವೋ ಲೆಕ್ಕಾಚಾರ ಅಲ್ದೆ ಮತ್ತೇನು?

1987ರಲ್ಲಿ, ಐವತ್ತು ದಾಟಿದ ಮೇಲೆ, ಆಸ್ಟ್ರಿಯಾದ ಗ್ರಾಟ್ಸ್‌ಗೆ ಹೋದ, ಮುಂದಿನ ವರ್ಷ ನ್ಯೂಯಾರ್ಕಲ್ಲಿ ಒಂದು ಇಡೀ ರೂಮನ್ನೇ ಕಲಾಕೃತಿಯಾಗಿ ಕಟ್ಟಿದ, ಕೋಣೆಯಿಂದ್ಲೇ ಬಾಹ್ಯಾಕಾಶಕ್ಕೆ ಹಾರಿಹೋದ ಒಬ್ಬ ಕಾಲ್ಪನಿಕ ಮನುಷ್ಯನ ರೂಮು. ಛಾವಣಿಯಲ್ಲಿ ತೂತು, ಕೆಳಗೆ ಬಿಟ್ಟುಹೋದ ಶೂ, ಗೋಡೆ ತುಂಬಾ ಪೋಸ್ಟರ್. ಎಲ್ಲರಿಗೂ ಇದೇ ಫೇವರಿಟ್.

ನನ್ನ ಓಟು ಮಾತ್ರ 1992ರಲ್ಲಿ ಜರ್ಮನಿಯ ಕಾಸೆಲ್‌ನಲ್ಲಿ ಕಟ್ಟಿದ ಟಾಯ್ಲೆಟ್‌ಗೆ. ಹೊರಗಿಂದ ಸೋವಿಯತ್ ಸಾರ್ವಜನಿಕ ಶೌಚಾಲಯ, ಒಳಗೆ ಟೇಬಲ್ಲು, ಕುರ್ಚಿ ಹಾಕ್ಕೊಂಡು ಸಂಸಾರ ನಡೀತಿರೋ ಮನೆ. ದೇಶದ ಮಾನ ಕಳೆದ ಅಂತ ಸಿಟ್ಟಾದ ರಷ್ಯನ್ನರೂ ಇದ್ರು. ಆದ್ರೆ ಅವನೇ ಹೇಳ್ಕೊಂಡಿರೋ ಹಾಗೆ, ಬೋರ್ಡಿಂಗ್ ಶಾಲೇಲಿದ್ದ ಮಗನ ಹತ್ರ ಇರೋಕಂತ ಬಂದ ಅವನ ತಾಯಿಗೆ ವಾಸದ ಪರ್ಮಿಟ್ ಇರ್ಲಿಲ್ಲ, ಶಾಲೆಯ ಹಳೇ ಟಾಯ್ಲೆಟ್ ರೂಮಲ್ಲಿ ಮಲಗ್ತಿದ್ರು. ಇದು ಗೊತ್ತಾದ್ಮೇಲೆ ಮಾನದ ಮಾತು ಯಾರು ಯಾರಿಗೆ ಆಡ್ಬೇಕು ಹೇಳಿ.

ದುಡ್ಡಿನ ವಿಷ್ಯಕ್ಕೆ ಬಂದ್ರೆ, 2008ರಲ್ಲಿ ಲಂಡನ್ ಹರಾಜಲ್ಲಿ ಸುಮಾರು 29 ಲಕ್ಷ ಪೌಂಡಿಗೆ ಹೋದ ಅವನ 'ಜೀರುಂಡೆ' ಅನ್ನೋ ಚಿತ್ರ ಹುಡುಕಿ ನೋಡಿ. ಆಳೆತ್ತರಕ್ಕಿಂತ ದೊಡ್ಡ ಹಲಗೆ, ಎಲೆ ಮೇಲೆ ಮಿರಮಿರ ಮಿಂಚೋ ಒಂದು ಹುಳ, ಕೆಳಗೆ ಮಕ್ಕಳ ಪದ್ಯ.